ಏಳು ಸಲ ಸ್ಟ್ರೀಕ್ ಮಾಡಿದರೂ ಹಳೇ ಬ್ಯಾಂಡ್ ಹೋಗುತ್ತಿಲ್ಲ (ಕ್ಲ್ಯಾಮಿಡೊಮೊನಾಸ್ ಕ್ಲೋರೋಪ್ಲಾಸ್ಟ್)

ಪಾಚಿಪುಟ್ಟ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಯಾರಾದರೂ ಕ್ಲ್ಯಾಮಿಡೊಮೊನಾಸ್ ಅನ್ನುವ ಒಂಟಿಕೋಶದ ಹಸಿರು ಪಾಚಿಯ ಕ್ಲೋರೋಪ್ಲಾಸ್ಟ್‌ಗೆ (ಬೆಳಕಿನಿಂದ ಆಹಾರ ಮಾಡುವ ಹಸಿರು ಭಾಗಕ್ಕೆ) ಹೊರಗಿನ ಜೀನ್ ಹಾಕಿದವರು ಇದ್ದೀರಾ? ಎರಡು ತಿಂಗಳಿಂದ ಗಾಣದ ಎತ್ತಿನ ಹಾಗೆ ಒಂದೇ ಕಡೆ ಸುತ್ತುತ್ತಿದ್ದೇನೆ.

ನಾನು ಮಾಡಿದ್ದು ಇಷ್ಟು. ಒಂದು ಚಿಕ್ಕ ಪ್ರೋಟೀನಿನ ಜೀನ್, ಅದರ ಪಕ್ಕದಲ್ಲಿ ಆಡ್‌ಎ ಮಾರ್ಕರ್ (ಆಂಟಿಬಯೋಟಿಕ್ ತಡೆಯುವ ಜೀನ್), ಎರಡರ ಆಚೆ ಈಚೆ ಕ್ಲೋರೋಪ್ಲಾಸ್ಟ್‌ನದೇ ಡಿಎನ್‌ಎ ತುಂಡು, ಒಂದೊಂದೂ ಸುಮಾರು ಒಂದು ಸಾವಿರ ಬೇಸ್ ಉದ್ದ. ಸೇರಬೇಕಾದ ಜಾಗ ಪಿಎಸ್‌ಬಿಎ ಜೀನ್ ಮುಗಿದ ಮೇಲೆ ಬರುವ ಖಾಲಿ ಜಾಗ. ಇದೆಲ್ಲ ಇರುವ ಪ್ಲಾಸ್ಮಿಡ್ಡನ್ನು (ಉಂಗುರದಂಥ ಡಿಎನ್‌ಎ) ಚಿನ್ನದ ಕಣಕ್ಕೆ ಅಂಟಿಸಿ ಜೀನ್ ಗನ್‌ನಲ್ಲಿ ಹೊಡೆದೆ. ಆಮೇಲೆ ಟ್ಯಾಪ್ ಮೀಡಿಯಂ (ಪಾಚಿ ಬೆಳೆಸುವ ಆಹಾರ), ಅದರಲ್ಲಿ ಮಿಲಿಗೆ 100 ಮೈಕ್ರೋಗ್ರಾಂ ಸ್ಪೆಕ್ಟಿನೋಮೈಸಿನ್ ಆಂಟಿಬಯೋಟಿಕ್. ಎರಡು ವಾರಕ್ಕೆ ಒಂಬತ್ತು ಹಸಿರು ಕಾಲೊನಿ ಬಂದವು. ಅವತ್ತು ಲ್ಯಾಬಿನಲ್ಲಿ ಎಲ್ಲರಿಗೂ ಸಿಹಿ ಹಂಚಿದ್ದೆ, ಈಗ ನಾಚಿಕೆ ಆಗುತ್ತದೆ.

ಅಲ್ಲಿಂದ ಏಳು ಸಲ ಹೊಸ ಪ್ಲೇಟಿಗೆ ಎಳೆದಿದ್ದೇನೆ (ಸ್ಟ್ರೀಕ್). ಜಾಗದ ಆ ಬದಿ ಈ ಬದಿಯ ಪ್ರೈಮರ್ (ಡಿಎನ್‌ಎಗೆ ಅಂಟುವ ಪುಟ್ಟ ತುಂಡು) ಹಾಕಿ ಪಿಸಿಆರ್ ಮಾಡಿ, ಅಂದರೆ ನಡುವಿನ ಡಿಎನ್‌ಎಯ ನಕಲು ಹೆಚ್ಚಿಸಿ, ಜೆಲ್‌ನಲ್ಲಿ ಗೆರೆ (ಬ್ಯಾಂಡ್) ನೋಡಿದರೆ ಹೀಗಿದೆ: 3 ಮತ್ತು 7ನೇ ನಂಬರಿನಲ್ಲಿ ಹೊಸ ದೊಡ್ಡ ಬ್ಯಾಂಡೂ (ಜೀನ್ ಸೇರಿದ್ದು) ಇದೆ, ಹಳೇ ಚಿಕ್ಕ ಬ್ಯಾಂಡೂ (ಸೇರದ್ದು) ಇದೆ. ಚಿಕ್ಕದೇ ಜಾಸ್ತಿ ಹೊಳೆಯುತ್ತದೆ. ಇನ್ನು ಆರರಲ್ಲಿ ಬರೀ ಹಳೇ ಬ್ಯಾಂಡ್. 9ನೆಯದರಲ್ಲಿ ಏನೂ ಇಲ್ಲ. ನನ್ನ ಜೀನ್ ಪಾಚಿಗೆ ವಿಷ ಆಗಿರಬಹುದಾ? ಅಥವಾ ಇನ್ನೂ ಏಳು ಸಲ ಎಳೆಯಬೇಕಾ? ಬರೀ ಹಳೇ ಬ್ಯಾಂಡ್ ಇರುವ ಆರು ಕಾಲೊನಿ ಆಂಟಿಬಯೋಟಿಕ್ ಪ್ಲೇಟಿನಲ್ಲಿ ಹೇಗೆ ಬದುಕಿವೆ ಅನ್ನುವುದು ನನಗೆ ಅರ್ಥವೇ ಆಗುತ್ತಿಲ್ಲ.

ಹಳೇಮೈಕ್ರೋಸ್ಕೋಪ್:

ಪುಟ್ಟಾ, ಸಿಹಿ ಹಂಚಿದ್ದು ತಪ್ಪಲ್ಲ, ಸ್ವಲ್ಪ ಬೇಗ ಆಯಿತು ಅಷ್ಟೆ.

ಆ ಆರು ಕಾಲೊನಿಯಿಂದಲೇ ಶುರು ಮಾಡೋಣ, ಅದು ಸುಲಭ. ಸ್ಪೆಕ್ಟಿನೋಮೈಸಿನ್ ಕ್ಲೋರೋಪ್ಲಾಸ್ಟ್‌ನ ರೈಬೋಸೋಮಿಗೆ (ಪ್ರೋಟೀನ್ ಕಟ್ಟುವ ಯಂತ್ರಕ್ಕೆ) ಅಂಟಿಕೊಳ್ಳುತ್ತದೆ, 16ಎಸ್ ಆರ್‌ಎನ್‌ಎ ಇರುವ ಜಾಗಕ್ಕೆ. ಆ 16ಎಸ್ ಜೀನ್‌ನಲ್ಲಿ ತಾನಾಗಿಯೇ ಒಂದು ಅಕ್ಷರ ಬದಲಾದರೂ ಸಾಕು, ಔಷಧಿ ಅಂಟುವುದಿಲ್ಲ, ಕೋಶ ಬದುಕುತ್ತದೆ. ನೀನು ಒಂದು ಪ್ಲೇಟಿಗೆ ಕೋಟಿಗಟ್ಟಲೆ ಕೋಶ ಸುರಿದಿರುತ್ತೀಯ, ಅದರಲ್ಲಿ ಇಂಥ ನಾಲ್ಕಾರು ಇದ್ದೇ ಇರುತ್ತವೆ. ನಿನ್ನ ಗನ್ನಿಗೂ ಅವಕ್ಕೂ ಯಾವ ಸಂಬಂಧವೂ ಇಲ್ಲ. ಗನ್ ಹೊಡೆಯದ ಪ್ಲೇಟ್ ಒಂದನ್ನು ಪಕ್ಕದಲ್ಲಿ ಇಟ್ಟಿದ್ದರೆ ಅದರಲ್ಲೂ ಒಂದೆರಡು ಬಂದಿರುತ್ತಿದ್ದವು. ಇಟ್ಟಿರಲಿಲ್ಲ ಅಲ್ವಾ?

ಪರೀಕ್ಷೆ ಬಹಳ ಸರಳ. ಆಡ್‌ಎ ಮಾಡುವ ಕಿಣ್ವ ಸ್ಪೆಕ್ಟಿನೋಮೈಸಿನ್ನನ್ನೂ ಕೆಡಿಸುತ್ತದೆ, ಸ್ಟ್ರೆಪ್ಟೋಮೈಸಿನ್ನನ್ನೂ ಕೆಡಿಸುತ್ತದೆ. ತಾನಾಗಿ ಬದಲಾದ ಕೋಶಕ್ಕೆ ಸಾಮಾನ್ಯವಾಗಿ ಒಂದನ್ನು ಮಾತ್ರ ತಡೆಯಲು ಆಗುತ್ತದೆ. ಎರಡೂ ಔಷಧಿ ಇರುವ ಪ್ಲೇಟಿಗೆ ಒಂಬತ್ತನ್ನೂ ಹಾಕು. ಕಳ್ಳರು ಯಾರು ಅಂತ ವಾರದಲ್ಲಿ ಗೊತ್ತಾಗುತ್ತದೆ.

ಈಗ 3 ಮತ್ತು 7. ಇಲ್ಲಿ ಒಂದು ಲೆಕ್ಕ ತಲೆಯಲ್ಲಿ ಇರಬೇಕು. ಕ್ಲ್ಯಾಮಿಡೊಮೊನಾಸ್‌ಗೆ ಇರುವುದು ಒಂದೇ ಕ್ಲೋರೋಪ್ಲಾಸ್ಟ್, ಬಟ್ಟಲಿನ ಆಕಾರದ್ದು, ಕೋಶದ ಅರ್ಧದಷ್ಟು ಜಾಗ ಅದೇ ತುಂಬಿಕೊಂಡಿರುತ್ತದೆ. ಆದರೆ ಅದರೊಳಗಿನ ಜೀನೋಮ್ ಒಂದಲ್ಲ, ಸುಮಾರು 80 ಪ್ರತಿ. ಒಂದೊಂದು ಪ್ರತಿಯೂ 2 ಲಕ್ಷ ಬೇಸ್ ಚಿಲ್ಲರೆ. ಚಿನ್ನದ ಕಣ ಒಳಗೆ ಹೋದಾಗ ನಿನ್ನ ಜೀನ್ ಕೂತಿದ್ದು ಆ 80ರಲ್ಲಿ ಒಂದರಲ್ಲೋ ಎರಡರಲ್ಲೋ. ಉಳಿದವೆಲ್ಲ ಹಳೆಯವು. ಕೋಶ ಒಡೆದಾಗ ಪ್ರತಿಗಳು ಯಾವ ಮರಿಗೆ ಎಷ್ಟು ಹೋಗುತ್ತವೆ ಅನ್ನುವುದು ಇಸ್ಪೀಟ್ ಹಂಚಿದ ಹಾಗೆ. ಒಂದು ಮರಿಗೆ ಹೊಸದು ಜಾಸ್ತಿ, ಇನ್ನೊಂದಕ್ಕೆ ಕಮ್ಮಿ. ಜಾಸ್ತಿ ಬಂದದ್ದನ್ನು ಔಷಧಿ ಉಳಿಸುತ್ತದೆ. ಹೀಗೆ ಸುತ್ತು ಸುತ್ತು ಆರಿಸುತ್ತಾ ಹೋದರೆ ಕೊನೆಗೆ ಎಲ್ಲಾ ಪ್ರತಿಯೂ ಹೊಸದೇ ಆದ ಕೋಶ ಸಿಗುತ್ತದೆ. ಅದನ್ನೇ ಹೋಮೋಪ್ಲಾಸ್ಮಿಕ್ ಅನ್ನುವುದು. ಸಾಮಾನ್ಯವಾಗಿ ಮೂರು ನಾಲ್ಕು ಸುತ್ತಿಗೆ ಬಂದುಬಿಡುತ್ತದೆ. ಏಳಕ್ಕೂ ಬರಲಿಲ್ಲ ಅಂದರೆ ನೀನು ಎಳೆಯುವ ರೀತಿಯಲ್ಲೇ ಏನೋ ಇದೆ.

ಎರಡು ಪ್ರಶ್ನೆ. ಒಂದು, ಸ್ಟ್ರೀಕ್ ಅಂದರೆ ನೀನು ಏನು ಮಾಡುತ್ತಿದ್ದೀಯ, ಬಿಡಿ ಕಾಲೊನಿ ಆರಿಸುತ್ತೀಯಾ ಅಥವಾ ಹಸಿರು ಪಟ್ಟಿಯಿಂದ ಸುಮ್ನೆ ಕೆರೆದು ಮುಂದಿನ ಪ್ಲೇಟಿಗೆ ಬಳಿಯುತ್ತೀಯಾ? ಎರಡು, ಸೇರಿದ ಜಾಗ ಪಕ್ಕದ ಯಾವ ಜೀನನ್ನೂ ಕತ್ತರಿಸುತ್ತಿಲ್ಲ ಅಂತ ಖಾತ್ರಿ ಇದೆಯಾ? ಸಿಎಲ್‌ಪಿಪಿ ತರಹದ ಜೀನ್ ಹಾಳಾಗಿದ್ದರೆ ನೂರು ಸಲ ಎಳೆದರೂ ಹಳೇ ಬ್ಯಾಂಡ್ ಹೋಗುವುದಿಲ್ಲ. ಅದು ಇಲ್ಲದೆ ಕೋಶ ಬದುಕುವುದೇ ಇಲ್ಲ, ಹಾಗಾಗಿ ಒಂದಷ್ಟು ಹಳೇ ಪ್ರತಿ ಇಟ್ಟುಕೊಂಡೇ ಇರುತ್ತದೆ.

ಪಾಚಿಪುಟ್ಟ:

ಸರ್, ಕೆರೆದು ಬಳಿಯುತ್ತಿದ್ದೆ. ಟೂತ್‌ಪಿಕ್‌ನಲ್ಲಿ ದಪ್ಪಗೆ ಹಸಿರು ತೆಗೆದು ಮುಂದಿನ ಪ್ಲೇಟಿನಲ್ಲಿ ಒಂದು ಚೌಕ. ಏಳು ಸಲವೂ ಹಾಗೇ. ಚೌಕ ನೋಡಲು ಚೆಂದ ಇರುತ್ತದೆ ಅಂತ.

ಜಾಗದ ಬಗ್ಗೆ ಭಯ ಇಲ್ಲ, ಪಿಎಸ್‌ಬಿಎ ಕೆಳಗಿನ ಆ ಜಾಗವನ್ನು ಬಹಳ ಜನ ಬಳಸಿದ್ದಾರೆ, ಯಾವ ಜೀನೂ ಕತ್ತರಿಸುವುದಿಲ್ಲ. ಗನ್ ಹೊಡೆಯದ ಪ್ಲೇಟ್ ಇಟ್ಟಿರಲಿಲ್ಲ, ನಿಜ.

ಹಳೇಮೈಕ್ರೋಸ್ಕೋಪ್:

ಚೌಕ ಚೆಂದ ಇರುತ್ತದೆ, ಒಪ್ಪಿದೆ. ಆದರೆ ಏಳು ಸಲ ಮಾಡಿದ್ದೂ ಒಂದು ಸಲ ಮಾಡಿದ್ದಕ್ಕೇ ಸಮ. ಒಂದು ಟೂತ್‌ಪಿಕ್‌ನಲ್ಲಿ ಲಕ್ಷಾಂತರ ಕೋಶ ಬರುತ್ತವೆ, ಒಳ್ಳೆಯವೂ ಕೆಟ್ಟವೂ ಒಟ್ಟಿಗೇ. ಒಂದು ಕೋಶದಿಂದ ಒಂದು ಕಾಲೊನಿ, ಆ ಕಾಲೊನಿಯಿಂದ ಮತ್ತೆ ಬಿಡಿ ಕಾಲೊನಿ, ಹೀಗೆ ಸೋಸಿದರೆ ಮಾತ್ರ ಇಸ್ಪೀಟ್ ಆಟ ಮುಂದೆ ಹೋಗುತ್ತದೆ. ಇನ್ನೊಂದು ವಿಷಯ, ಆಡ್‌ಎ ಕಿಣ್ವ ಕ್ಲೋರೋಪ್ಲಾಸ್ಟ್ ಒಳಗೆ ಎಲ್ಲಾ ಕಡೆ ಓಡಾಡಿಕೊಂಡು ಔಷಧಿ ಕೆಡಿಸುತ್ತದೆ. 80ರಲ್ಲಿ ಹತ್ತು ಪ್ರತಿ ಹೊಸದಾಗಿದ್ದರೂ 100 ಮೈಕ್ರೋಗ್ರಾಂನಲ್ಲಿ ಆರಾಮಾಗಿ ಬದುಕಬಹುದು. ಉಳಿದ ಎಪ್ಪತ್ತನ್ನು ಬಿಡಲು ಅದಕ್ಕೆ ಯಾವ ಒತ್ತಡವೂ ಇಲ್ಲ. ಮುಂದಿನ ಸುತ್ತಿಗೆ 200 ಮಾಡು, ಆಮೇಲೆ 500.

ಇನ್ನೂ ಒಂದು. ಪಿಎಸ್‌ಬಿಎ ಇರುವುದು ಜೀನೋಮಿನ ತಲೆಕೆಳಗಾದ ಜೋಡಿ ಭಾಗದಲ್ಲಿ. ಅಂದರೆ ಒಂದೊಂದು ಪ್ರತಿಯಲ್ಲೂ ನಿನ್ನ ಜಾಗ ಎರಡೆರಡು ಸಲ ಬರುತ್ತದೆ. ನೀನು ತುಂಬಬೇಕಾದ್ದು 80 ಅಲ್ಲ, 160. ಹೆದರಬೇಡ, ಒಂದು ಕಡೆ ಕೂತರೆ ಜೋಡಿಯ ಇನ್ನೊಂದು ಕಡೆಯನ್ನೂ ನೋಡಿ ಸರಿ ಮಾಡಿಕೊಳ್ಳುವ ಗುಣ ಕ್ಲೋರೋಪ್ಲಾಸ್ಟ್‌ಗೆ ಇದೆ.

ಸುಮ್ನೆಓದುವವ:

ನಾನು ಈ ಕೆಲಸದವನಲ್ಲ, ಕುತೂಹಲಕ್ಕೆ ಓದುತ್ತಿದ್ದೇನೆ. ಎರಡು ಅನುಮಾನ, ದಡ್ಡ ಪ್ರಶ್ನೆ ಆಗಿದ್ದರೆ ಬೈಯಬೇಡಿ. ಟ್ಯಾಪ್ ಮೀಡಿಯಂನಲ್ಲಿ ಅಸಿಟೇಟ್ ಇರುತ್ತದೆ, ಅದನ್ನು ತಿಂದು ಈ ಪಾಚಿ ಕತ್ತಲಲ್ಲೂ ಬೆಳೆಯುತ್ತದೆ ಅಂತ ಓದಿದ್ದೆ. ಹಾಗಾದರೆ ಕ್ಲೋರೋಪ್ಲಾಸ್ಟ್ ಕೆಟ್ಟರೆ ಅದಕ್ಕೇನು ನಷ್ಟ? ಔಷಧಿ ಕ್ಲೋರೋಪ್ಲಾಸ್ಟ್‌ನ ರೈಬೋಸೋಮನ್ನು ನಿಲ್ಲಿಸಿದರೆ ಸಾಯುವುದು ಯಾಕೆ? ಮತ್ತೆ, ಇಷ್ಟೆಲ್ಲಾ ಕಷ್ಟ ಯಾಕೆ, ಜೀನನ್ನು ನ್ಯೂಕ್ಲಿಯಸ್‌ಗೇ ಹಾಕಬಹುದಲ್ಲ?

ಬೆಳಕಿನಹುಳ:

ಮೊದಲ ಪ್ರಶ್ನೆ ದಡ್ಡ ಪ್ರಶ್ನೆಯೇ ಅಲ್ಲ, ನಾನು ಎರಡು ವರ್ಷ ಕೆಲಸ ಮಾಡಿದ ಮೇಲೆ ನನಗೆ ಹೊಳೆದ ಪ್ರಶ್ನೆ ಅದು. ಬೆಳಕಿನಿಂದ ಅಡುಗೆ ಮಾಡುವುದು ಕ್ಲೋರೋಪ್ಲಾಸ್ಟ್‌ನ ಒಂದು ಕೆಲಸ ಮಾತ್ರ. ಅಸಿಟೇಟ್ ಕೊಟ್ಟರೆ ಆ ಕೆಲಸ ನಿಂತರೂ ನಡೆಯುತ್ತದೆ. ಆದರೆ ಮೇಲೆ ಸರ್ ಹೇಳಿದ ಸಿಎಲ್‌ಪಿಪಿ ಇದೆಯಲ್ಲ, ಅದು ಹಾಳಾದ ಪ್ರೋಟೀನನ್ನು ಕತ್ತರಿಸಿ ಹಾಕುವ ಕತ್ತರಿಯ ಒಂದು ಭಾಗ. ಅದು ತಯಾರಾಗುವುದು ಕ್ಲೋರೋಪ್ಲಾಸ್ಟ್‌ನ ಒಳಗಿನ ರೈಬೋಸೋಮಿನಲ್ಲೇ. ರೈಬೋಸೋಮ್ ನಿಂತರೆ ಕತ್ತರಿ ಇಲ್ಲ, ಕತ್ತರಿ ಇಲ್ಲದಿದ್ದರೆ ಕೋಶ ಇಲ್ಲ. ಎಷ್ಟು ಅಸಿಟೇಟ್ ಸುರಿದರೂ ಅಷ್ಟೆ.

ಎರಡನೆಯದು. ನ್ಯೂಕ್ಲಿಯಸ್‌ಗೆ ಹಾಕಿದರೆ ಜೀನ್ ಎಲ್ಲಿ ಬೇಕಾದರೂ ಹೋಗಿ ಕೂರುತ್ತದೆ. ಒಂದು ಕಾಲೊನಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಹತ್ತರಲ್ಲಿ ಇಲ್ಲ. ಕೆಲಸ ಮಾಡಿದ್ದನ್ನೂ ಕೆಲವು ತಿಂಗಳಲ್ಲಿ ಪಾಚಿ ಬಾಯಿ ಮುಚ್ಚಿಸಿಬಿಡುತ್ತದೆ. ಕ್ಲೋರೋಪ್ಲಾಸ್ಟ್ ಹಾಗಲ್ಲ, ಅದು ಒಂದು ಕಾಲದ ಸಯನೋಬ್ಯಾಕ್ಟೀರಿಯಾದ ವಂಶ. ಎರಡೂ ಬದಿಗೆ ಅದರದ್ದೇ ತುಂಡು ಇಟ್ಟರೆ ಹೇಳಿದ ಜಾಗಕ್ಕೇ ಸೇರಿಸಿಕೊಳ್ಳುತ್ತದೆ, ಬಾಯಿ ಮುಚ್ಚಿಸುವ ತಂಟೆಯೂ ಇಲ್ಲ. ಆದರೆ ಎಲ್ಲಾ ಪ್ರೋಟೀನಿಗೂ ಇದು ಸರಿ ಅಲ್ಲ. ಸಕ್ಕರೆ ಸರಪಳಿ ಅಂಟಿಸಬೇಕಾದ ಪ್ರೋಟೀನ್ ಆದರೆ ಕ್ಲೋರೋಪ್ಲಾಸ್ಟ್ ಅದನ್ನು ಮಾಡುವುದಿಲ್ಲ, ಹೊರಗೆ ಕಳಿಸುವುದೂ ಇಲ್ಲ. ಮಡಚುವುದು, ಗಂಧಕದ ಕೊಂಡಿ ಹಾಕುವುದು ಇವೆಲ್ಲಾ ಮಾಡುತ್ತದೆ. 2003ರಲ್ಲೇ ಮನುಷ್ಯರ ಒಂದು ದೊಡ್ಡ ಆಂಟಿಬಾಡಿಯನ್ನು ಇದೇ ಪಾಚಿಯ ಕ್ಲೋರೋಪ್ಲಾಸ್ಟ್‌ನಲ್ಲಿ ಮಾಡಿ ತೋರಿಸಿದ್ದಾರೆ, ಹರ್ಪಿಸ್ ವೈರಸ್ಸಿಗೆ ಅಂಟುವಂಥದ್ದು.

ಪುಟ್ಟಾ ಅವರೇ, ನಿಮಗೊಂದು ಮಾತು. ನನಗಂತೂ ಈ ಆಂಟಿಬಯೋಟಿಕ್ ದಾರಿಯೇ ಬೇಜಾರು. 1988ರಲ್ಲಿ ಬಾಯ್ಂಟನ್, ಗಿಲ್ಹಾಮ್ ಮತ್ತವರ ಜೊತೆಯವರು ಮೊದಲ ಸಲ ಈ ಪಾಚಿಯ ಕ್ಲೋರೋಪ್ಲಾಸ್ಟ್‌ಗೆ ಜೀನ್ ಹೊಡೆದಾಗ ಔಷಧಿಯನ್ನೇ ನೆಚ್ಚಿಕೊಳ್ಳಲಿಲ್ಲ. ಎಟಿಪಿಬಿ ಜೀನ್ ಹರಿದುಹೋಗಿ ಬೆಳಕಿನಲ್ಲಿ ಅಡುಗೆ ಮಾಡಲು ಆಗದ ತಳಿ ತೆಗೆದುಕೊಂಡರು. ಟಂಗ್‌ಸ್ಟನ್ ಕಣದ ಮೇಲೆ ಒಳ್ಳೆಯ ಎಟಿಪಿಬಿ ಇಟ್ಟು ಹೊಡೆದರು. ಅಸಿಟೇಟ್ ಇಲ್ಲದ ಪ್ಲೇಟಿನಲ್ಲಿ ಬೆಳಕಿಗೆ ಇಟ್ಟರು. ಹಸಿರಾಗಿ ಬೆಳೆದದ್ದು ಗೆದ್ದದ್ದು. ನಾನು ಈಗ ಹಾಗೇ ಮಾಡುತ್ತೇನೆ, ಬೆಳಕಿನ ಅಡುಗೆಗೆ ಬೇಕಾದ ಪಿಎಸ್‌ಬಿಹೆಚ್ ಜೀನ್ ಕಿತ್ತುಹಾಕಿದ ತಳಿ ಇಟ್ಟುಕೊಂಡಿದ್ದೇನೆ. ನನ್ನ ಜೀನ್ ಜೊತೆ ಒಳ್ಳೆಯ ಪಿಎಸ್‌ಬಿಹೆಚ್ ಕೊಡುತ್ತೇನೆ. ಇಡೀ ಜೀನ್ ಇಲ್ಲದ ತಳಿ ಆದ್ದರಿಂದ ಅದು ತಾನಾಗಿ ಸರಿಹೋಗಲು ಸಾಧ್ಯವೇ ಇಲ್ಲ, ನಿಮ್ಮ ಆರು ಕಳ್ಳರ ತರಹದವರು ನನಗೆ ಬರುವುದೇ ಇಲ್ಲ. ಕೊನೆಗೆ ಕೈಗೆ ಬರುವ ಪಾಚಿಯಲ್ಲಿ ಆಂಟಿಬಯೋಟಿಕ್ ಜೀನೂ ಉಳಿಯುವುದಿಲ್ಲ.

ನನ್ನ ತಳಿಗೆ ಕೋಶದ ಗೋಡೆಯೂ ಇಲ್ಲ, ಹಾಗಾಗಿ ಗನ್ ಕೂಡ ಬೇಡ. ಪಾಚಿ, ಡಿಎನ್‌ಎ, ಸಣ್ಣ ಗಾಜಿನ ಮಣಿ, ಮೂರನ್ನೂ ಟ್ಯೂಬಿಗೆ ಹಾಕಿ ಹದಿನೈದು ಸೆಕೆಂಡ್ ವೋರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಕುಲುಕುವುದು. ಅಷ್ಟೇ. ಕಾಲೊನಿ ಕಮ್ಮಿ ಬರುತ್ತವೆ, ಬಂದದ್ದು ನಿಜದ್ದು.

ಹಳೇಮೈಕ್ರೋಸ್ಕೋಪ್:

ಗಾಜಿನ ಮಣಿ ಒಳ್ಳೆಯದೇ. ಆದರೂ ಗನ್ನಿನ ಆ ಠಪ್ ಶಬ್ದಕ್ಕೆ ಒಂದು ಮಜಾ ಇದೆ ಮಾರಾಯ್ರೇ. ಪ್ಲೇಟ್ ಹೊರಗೆ ತೆಗೆದರೆ ನಡುವೆ ಹೀಲಿಯಂ ಏಟಿಗೆ ಬೋಳಾದ ಒಂದು ವೃತ್ತ, ಅದರ ಸುತ್ತ ಉಂಗುರದ ಹಾಗೆ ಕಾಲೊನಿ ಬರುತ್ತವೆ. ಗೋಡೆ ಇಲ್ಲದ ತಳಿ ಇಲ್ಲದವರಿಗೆ ಈಗಲೂ ಅದೇ ಗತಿ.

ಸ್ಟ್ರೆಪ್ಟೋಮೈಸಿನ್ ಮಾತು ಬಂತಲ್ಲ, ಒಂದು ಹಳೇ ಕಥೆ. ರೂತ್ ಸೇಜರ್ 1954ರಲ್ಲಿ ಇದೇ ಪಾಚಿಯಲ್ಲಿ ಸ್ಟ್ರೆಪ್ಟೋಮೈಸಿನ್ ತಡೆಯುವ ಗುಣ ಮೆಂಡೆಲ್ ಲೆಕ್ಕದ ಪ್ರಕಾರ ಹಂಚಿಕೆ ಆಗುವುದಿಲ್ಲ, ಒಂದೇ ಕಡೆಯ ಪೋಷಕನಿಂದ ಬರುತ್ತದೆ ಅಂತ ತೋರಿಸಿದರು. ಕ್ಲೋರೋಪ್ಲಾಸ್ಟ್‌ಗೆ ಸ್ವಂತ ಡಿಎನ್‌ಎ ಇದೆ ಅನ್ನುವುದೇ ಆಗ ಯಾರಿಗೂ ಖಾತ್ರಿ ಇರಲಿಲ್ಲ. ನಾವು ಇವತ್ತು ಪ್ಲೇಟಿಗೆ ಸುರಿಯುವ ಔಷಧಿಯಿಂದಲೇ ಆ ದಾರಿ ತೆರೆಯಿತು.

ಬ್ಯಾಂಡ್‌ಮಾಸ್ಟರ್:

ಎಲ್ಲರೂ ಪಾಚಿಯನ್ನೇ ಬೈಯುತ್ತಿದ್ದೀರಿ, ಪಿಸಿಆರ್ ಕಡೆ ಯಾರೂ ನೋಡಲಿಲ್ಲ. ಒಂದೇ ಜೋಡಿ ಪ್ರೈಮರ್‌ನಲ್ಲಿ ಎರಡು ಅಳತೆಯ ತುಂಡು ಬರಬೇಕು ಅಂದಾಗ ಚಿಕ್ಕದು ಯಾವಾಗಲೂ ಮುಂದೆ ಓಡುತ್ತದೆ. ನೂರಕ್ಕೆ ಒಂದು ಹಳೇ ಪ್ರತಿ ಉಳಿದಿದ್ದರೂ ಜೆಲ್‌ನಲ್ಲಿ ಅದೇ ಹೊಳೆಯಬಹುದು. ಹಾಗಾಗಿ ಚಿಕ್ಕ ಬ್ಯಾಂಡ್ ದಪ್ಪ ಇದೆ ಅಂದ ಮಾತ್ರಕ್ಕೆ ಹಳೇ ಪ್ರತಿ ಜಾಸ್ತಿ ಇದೆ ಅಂತ ಅಲ್ಲ. ಉಲ್ಟಾ ಮೋಸವೂ ಇದೆ: ಮೊದಲ ಪ್ಲೇಟಿನ ಕಾಲೊನಿಯಲ್ಲೇ ಪಿಸಿಆರ್ ಮಾಡಿ ಹೊಸ ಬ್ಯಾಂಡ್ ಬಂತು ಅಂತ ಕುಣಿಯುವವರಿಗೆ ಸಿಗುವುದು ಎಷ್ಟೋ ಸಲ ಪ್ಲೇಟಿನ ಮೇಲೆ ಚೆಲ್ಲಿದ ಪ್ಲಾಸ್ಮಿಡ್.

ನಾನು ಮಾಡುವುದು ಹೀಗೆ. ಒಂದು ಪ್ರೈಮರ್ ನಿಮ್ಮ ಒಂದು ಸಾವಿರ ಬೇಸ್ ತುಂಡಿನ ಆಚೆ, ಅಂದರೆ ಪ್ಲಾಸ್ಮಿಡ್‌ನಲ್ಲಿ ಇಲ್ಲದ ಜಾಗದಲ್ಲಿ. ಎರಡನೆಯದು ಆಡ್‌ಎ ಒಳಗೆ. ಈ ಜೋಡಿ ಬ್ಯಾಂಡ್ ಕೊಟ್ಟರೆ ಜೀನ್ ನಿಜವಾಗಿ ಕ್ಲೋರೋಪ್ಲಾಸ್ಟ್‌ನಲ್ಲೇ ಕೂತಿದೆ. ಮೂರನೆಯದು ಹಳೇ ಪ್ರತಿಯಲ್ಲಿ ಮಾತ್ರ ಅಂಟುವಂಥದ್ದು, ನಿಮ್ಮ ತುಂಡು ಸೇರುವ ಸಂದಿಯ ಮೇಲೇ ಕೂರುವ ಹಾಗೆ ಬರೆದದ್ದು. ಜೀನ್ ಒಳಗೆ ಕೂತರೆ ಆ ಸಂದಿ ಒಡೆಯುತ್ತದೆ, ಪ್ರೈಮರ್ ಅಂಟುವುದಿಲ್ಲ. ನೀವು ಹುಡುಕಬೇಕಾದ್ದು ಹೊಸ ಬ್ಯಾಂಡ್ ಇದೆಯಾ ಅಂತಲ್ಲ, ಹಳೆಯದು ಮಾಯ ಆಯಿತಾ ಅಂತ. ಬ್ಯಾಂಡ್ ಇಲ್ಲ ಅಂತ ಹೇಳುವ ಮೊದಲು ಹಳೇ ತಳಿಯ ಡಿಎನ್‌ಎ ನೂರು ಪಟ್ಟು ತೆಳು ಮಾಡಿ, ಅದಕ್ಕೂ ಪಿಸಿಆರ್ ಮಾಡಿ ಜೆಲ್‌ನ ಪಕ್ಕದ ಕುಳಿಯಲ್ಲಿ ಓಡಿಸಿ. ಅದೂ ಕಾಣದಿದ್ದರೆ ನಿಮ್ಮ ಪಿಸಿಆರ್‌ಗೆ ಕಣ್ಣೇ ಸರಿ ಇಲ್ಲ ಅಂತ ಅರ್ಥ.

9ನೇ ನಂಬರಿನಲ್ಲಿ ಏನೂ ಬಂದಿಲ್ಲ ಅಂದಿರಲ್ಲ, ಅದು ರಹಸ್ಯ ಅಲ್ಲ, ಡಿಎನ್‌ಎ ಬಂದಿಲ್ಲ. ಪಾಚಿ ಜಾಸ್ತಿ ಹಾಕಿದರೂ ಪಿಸಿಆರ್ ಸಾಯುತ್ತದೆ. ಕಡ್ಡಿ ತುದಿಯಷ್ಟು ತೆಗೆದು ಚೆಲೆಕ್ಸ್‌ನಲ್ಲಿ (ಡಿಎನ್‌ಎ ತೆಗೆಯಲು ಬಳಸುವ ರಾಳದ ಪುಡಿ) ಹತ್ತು ನಿಮಿಷ ಕುದಿಸಿ, ತಳ ಕೂರಿಸಿ ಮೇಲಿನ ನೀರು ತೆಗೆಯಿರಿ. ನೀರು ಹಸಿರಾಗಿದ್ದರೆ ಪಾಚಿ ಜಾಸ್ತಿ ಆಗಿದೆ.

ಪಾಚಿಪುಟ್ಟ:

ಐದು ವಾರ ಆಯಿತು, ಫಲಿತಾಂಶ ಹೇಳುತ್ತೇನೆ.

ಎರಡು ಔಷಧಿಯ ಪ್ಲೇಟಿನಲ್ಲಿ ಆ ಆರೂ ಬಿಳಿಚಿ ಸತ್ತವು. ಆರೂ. 9ನೆಯದೂ ಸತ್ತಿತು, ಚೆಲೆಕ್ಸ್‌ನಲ್ಲಿ ಮತ್ತೆ ಮಾಡಿದಾಗ ಅದರಲ್ಲೂ ಹಳೇ ಬ್ಯಾಂಡ್ ಬಂತು. ಅಂದರೆ ನನ್ನ ಒಂಬತ್ತರಲ್ಲಿ ಏಳು ಸುಳ್ಳು.

ಮಜಾ ಇರುವುದು 3ರಲ್ಲಿ. ಬರೀ ಸ್ಪೆಕ್ಟಿನೋಮೈಸಿನ್ ಪ್ಲೇಟಿನಲ್ಲಿ ಬಿಡಿ ಕಾಲೊನಿ ಮಾಡಿ ಇಪ್ಪತ್ತನ್ನು ಪಿಸಿಆರ್ ಮಾಡಿದೆ. ಹನ್ನೊಂದರಲ್ಲಿ ಬರೀ ಹಳೆಯದು, ಒಂಬತ್ತರಲ್ಲಿ ಬರೀ ಹೊಸದು, ಎರಡೂ ಇರುವ ಕಾಲೊನಿ ಒಂದೂ ಇಲ್ಲ! ಅಂದರೆ ಅದು ಯಾವಾಗಲೋ ಪೂರ್ತಿ ಆಗಿತ್ತು. ನನ್ನ ಚೆಂದದ ಚೌಕದಲ್ಲಿ ಒಬ್ಬ ಕಳ್ಳನೂ ಒಬ್ಬ ಸಾಚಾನೂ ಒಟ್ಟಿಗೆ ಬಾಳುತ್ತಿದ್ದರು, ನಾನು ಏಳು ಸಲ ಇಬ್ಬರನ್ನೂ ಜೋಪಾನವಾಗಿ ಹೊಸ ಮನೆಗೆ ಕರೆದುಕೊಂಡು ಹೋಗುತ್ತಿದ್ದೆ.

7ನೆಯದು ಮಾತ್ರ ನಿಜಕ್ಕೂ ಬೆರಕೆ. 200ರಲ್ಲಿ ಒಂದು ಸುತ್ತು, 500ರಲ್ಲಿ ಎರಡು ಸುತ್ತು, ಪ್ರತಿ ಸಲ ಬಿಡಿ ಕಾಲೊನಿ. ಮೂರನೇ ಸುತ್ತಿಗೆ ಹನ್ನೆರಡರಲ್ಲಿ ನಾಲ್ಕರಲ್ಲಿ ಹಳೇ ಬ್ಯಾಂಡ್ ಇಲ್ಲ. ನೂರು ಪಟ್ಟು ತೆಳು ಮಾಡಿದ್ದು ಪಕ್ಕದಲ್ಲಿ ಚೆನ್ನಾಗಿ ಕಾಣುತ್ತಿದೆ, ಬ್ಯಾಂಡ್‌ಮಾಸ್ಟರ್ ಅವರಿಗೆ ದೊಡ್ಡ ಥ್ಯಾಂಕ್ಸ್.

ಈಗ ಹೊಸ ತಲೆನೋವು. ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್ ಇದೆಯಾ ಅಂತ ಆಂಟಿಬಾಡಿಯಿಂದ ನೋಡುವ ಪರೀಕ್ಷೆ) ಪ್ರೋಟೀನ್ ಕಾಣುತ್ತಿಲ್ಲ. 3ರಲ್ಲೂ ಇಲ್ಲ, 7ರಲ್ಲೂ ಇಲ್ಲ.

ಬೆಳಕಿನಹುಳ:

ಜೀನನ್ನು ಯಾವ ಕೋಡಾನ್ (ಒಂದು ಅಮಿನೋ ಆಮ್ಲಕ್ಕೆ ಮೂರಕ್ಷರದ ಗುರುತು) ಲೆಕ್ಕದಲ್ಲಿ ಬರೆಸಿದ್ದು? ಕ್ಲೋರೋಪ್ಲಾಸ್ಟ್‌ಗೆ ಮೂರನೇ ಅಕ್ಷರ ಎ ಅಥವಾ ಟಿ ಇದ್ದರೆ ಇಷ್ಟ. ನ್ಯೂಕ್ಲಿಯಸ್ ಪೂರ್ತಿ ಉಲ್ಟಾ, ಅದಕ್ಕೆ ಜಿ ಮತ್ತು ಸಿ ಬೇಕು.

ಪಾಚಿಪುಟ್ಟ:

ಅಯ್ಯೋ. ಅಕ್ಕಾ, ಈಗ ಫೈಲ್ ತೆಗೆದು ನೋಡಿದೆ. ಲ್ಯಾಬಿನಲ್ಲಿ ನನಗಿಂತ ಮುಂಚೆ ಇದ್ದವರು ನ್ಯೂಕ್ಲಿಯಸ್‌ಗೆ ಅಂತ ಬರೆಸಿಟ್ಟ ಜೀನ್ ಇದು. ಫ್ರೀಜರಿನಲ್ಲಿ ಇತ್ತು ಅಂತ ಎತ್ತಿಕೊಂಡೆ. ಮೂರನೇ ಅಕ್ಷರ ಎಲ್ಲಾ ಜಿ, ಸಿ.

ಹಳೇಮೈಕ್ರೋಸ್ಕೋಪ್:

ಸರಿ, ಹೊಸ ಜೀನ್ ಬರೆಸಲು ಕೊಡು. ಪ್ರೊಮೋಟರ್ (ಜೀನ್ ಓಡಿಸುವ ಸ್ವಿಚ್) ಯಾವುದು ಅಂತಲೂ ಆಮೇಲೆ ಇಲ್ಲಿ ಹಾಕು. ಪಿಎಸ್‌ಬಿಎದೇ ಪ್ರೊಮೋಟರ್ ಆಗಿದ್ದರೆ ಬೇರೆ ತೊಂದರೆ ಇದೆ, ಪಾಚಿಯ ಸ್ವಂತ ಪಿಎಸ್‌ಬಿಎ ಇರುವ ತನಕ ನಿನ್ನ ಜೀನ್ ಜೋರಾಗಿ ಓಡುವುದಿಲ್ಲ, ಅದನ್ನು ಕಿತ್ತರೆ ಪಾಚಿ ಬೆಳಕಿನಲ್ಲಿ ಅಡುಗೆ ಮಾಡುವುದನ್ನೇ ಬಿಡುತ್ತದೆ. 3 ಮತ್ತು 7ನ್ನು ಎಸೆಯಬೇಡ. ಹೊಸದು ಬಂದಾಗ ಪಕ್ಕದಲ್ಲಿ ಇಟ್ಟು ಹೋಲಿಸಲು ಬೇಕು. ಔಷಧಿ ಇಲ್ಲದ ಪ್ಲೇಟಿನಲ್ಲಿ ಎರಡು ಮೂರು ಸುತ್ತು ಬೆಳೆಸಿ ಮತ್ತೆ ಪಿಸಿಆರ್ ಮಾಡು, ಹಳೇ ಬ್ಯಾಂಡ್ ವಾಪಸ್ ಬರಲಿಲ್ಲ ಅಂದರೆ ಆಗ ಸಿಹಿ ಹಂಚು. ಮತ್ತೆ ಈ ಸಲ ಗನ್ ಹೊಡೆಯದ ಪ್ಲೇಟ್ ಒಂದು ಇಡು, ಮರೆಯಬೇಡ.